ಕ್ಷುಧೆಯ ಮೂಲವೂ ವ್ರತದ ಮೂಲವೂ

॥ ಶ್ರೀ ವೀತರಾಗಾಯ ನಮಃ ॥



ಸನ್ಮಾರ್ಗದಿಂದ ಜಾರದಂತೆ ಸಾಧಕನು ಸಹಿಸಬೇಕಾದ ಪರೀಷಹಗಳು ೨೨. ಅವುಗಳಲ್ಲಿ ಮೊದಲನೆಯದು ಕ್ಷುಧೆ. ಸಂಸಾರಿ ಜೀವಕ್ಕೆ ಅನಾದಿಯಿಂದ ಅಂಟಿಬಂದ ಸಂಜ್ಞೆಗಳು ೪. ಅವುಗಳಲ್ಲಿ ಮೊದಲನೆಯದು ಆಹಾರಸಂಜ್ಞೆ. ಬಾಹ್ಯ ತಪಸ್ಸುಗಳು ೬. ಅವುಗಳಲ್ಲಿ ಮೊದಲನೆಯದು ಅನಶನ. ಹೀಗೆ ಮೂರು ಎಣಿಕೆಗಳಲ್ಲಿಯೂ ಹಸಿವೆಗೇ ಅಗ್ರಸ್ಥಾನವು ದೊರೆತಿರುವುದು ಆಕಸ್ಮಿಕವಲ್ಲ. ಭಯವನ್ನು ಗೆದ್ದವರುಂಟು, ಧನವನ್ನು ತೊರೆದವರುಂಟು. ಹಸಿವೆಯೆದುರಿಗೆ ಮಾತ್ರ ಧೀರರೂ ತಲೆಬಾಗುವುದನ್ನು ಲೋಕವು ಕಂಡಿದೆ. ಹಸಿವು ರುಚಿ ಅರಿಯದು, ನಿದ್ದೆ ಸುಖ ಅರಿಯದು ಎಂದು ನಮ್ಮ ಹಿರಿಯರು ಆಡಿಕೊಂಡದ್ದು ಇದನ್ನೇ.

ರಾಯಚೂರು, ದೇವದುರ್ಗ, ಮಾನ್ವಿಗಳ ನಮ್ಮ ಮನೆಗಳಿಂದ ವೈದ್ಯಕೀಯವನ್ನೂ ಔಷಧಶಾಸ್ತ್ರವನ್ನೂ ಓದಲು ಹೋದ ಮಕ್ಕಳು ಪರ್ವದ ದಿನಗಳಲ್ಲಿ ಊರಿಗೆ ಬಂದಾಗ ಒಂದು ಪ್ರಶ್ನೆಯನ್ನು ಕೇಳುತ್ತಾರೆ. "ಹಸಿವೆಂಬುದು ಮಿದುಳಿನಲ್ಲಿ ಒಸರುವ ಕೆಲವು ರಸಗಳ ಆಟವೆಂದು ನಮಗೆ ಕಲಿಸಿದ್ದಾರೆ. ಇಲಿಗೆ ಆ ರಸವನ್ನು ಚುಚ್ಚಿದರೆ ಹೊಟ್ಟೆ ತುಂಬಿದ್ದರೂ ತಿನ್ನುತ್ತದೆ. ಬೇರೊಂದನ್ನು ಚುಚ್ಚಿದರೆ ಹಸಿದಿದ್ದರೂ ಬಿಡುತ್ತದೆ. ಹಾಗಿದ್ದ ಮೇಲೆ ಅಷ್ಟಮಿ-ಚತುರ್ದಶಿಗಳ ಉಪವಾಸಕ್ಕೆ ಅರ್ಥವೇನು? ಅದು ಆತ್ಮದ ಸಾಧನೆಯೋ, ರಸಗಳ ಏರಿಳಿತವೋ?" ಈ ಪ್ರಶ್ನೆಯನ್ನು ಅಶ್ರದ್ಧೆಯೆಂದು ಗದರಿಸಿ ಕಳುಹಿಸುವುದು ಸುಲಭ, ಆದರೆ ಧರ್ಮವಲ್ಲ. ಸಂಶಯವನ್ನು ಗುರುವಿನ ಮುಂದಿಟ್ಟು ಬಗೆಹರಿಸಿಕೊಳ್ಳುವ ಪೃಚ್ಛನೆಯು ಸ್ವಾಧ್ಯಾಯದ ಒಂದು ಅಂಗ. ಆದುದರಿಂದ ಮಕ್ಕಳ ಶಾಸ್ತ್ರವನ್ನೂ ನಮ್ಮ ಶಾಸ್ತ್ರವನ್ನೂ ಎದುರುಬದುರು ಇಟ್ಟು ನೋಡೋಣ.

ಮೊದಲು ನಮ್ಮ ಶಾಸ್ತ್ರ. ಚಾವುಂಡರಾಯನ ಕಾಲದಲ್ಲಿ, ೧೦ನೆಯ ಶತಮಾನದಲ್ಲಿ, ಆಚಾರ್ಯ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರವನ್ನು ರಚಿಸಿದರು. ೧೩೫೯ರಲ್ಲಿ ಕೇಶವವರ್ಣಿಗಳು ಅದಕ್ಕೆ ಕನ್ನಡದಲ್ಲಿಯೇ ವೃತ್ತಿಯನ್ನು ಬರೆದುಕೊಟ್ಟರು. ಅದರ ಜೀವಕಾಂಡದಲ್ಲಿ ಆಹಾರಸಂಜ್ಞೆಯು ಏಳುವುದಕ್ಕೆ ೪ ನಿಮಿತ್ತಗಳನ್ನು ಹೇಳಿದೆ: ಆಹಾರವನ್ನು ಕಾಣುವುದು, ಆಹಾರದ ಕಡೆಗೆ ಉಪಯೋಗವನ್ನು ಹರಿಸುವುದು ಎಂದರೆ ಅದನ್ನೇ ನೆನೆಯುವುದು, ಹೊಟ್ಟೆಯು ಬರಿದಾಗಿರುವುದು, ಅಸಾತಾವೇದನೀಯ ಕರ್ಮದ ಉದೀರಣೆ. ಮೊದಲ ಮೂರು ಬಾಹ್ಯ ನಿಮಿತ್ತಗಳು, ಕಡೆಯದು ಅಂತರಂಗದ್ದು. ಹಸಿವೆ ಎಂದರೆ ಹೊಟ್ಟೆ ಖಾಲಿಯಾಗುವುದು ಮಾತ್ರವಲ್ಲವೆಂದೂ, ಕಣ್ಣು, ನೆನಪು, ಹೊಟ್ಟೆ, ವೇದನೆ ಈ ನಾಲ್ಕೂ ಅದರೊಳಗೆ ಸೇರಿವೆಯೆಂದೂ ಆಚಾರ್ಯರು ಕಂಡಿದ್ದರು.

ಇನ್ನು ಮಕ್ಕಳ ಶಾಸ್ತ್ರ. ಮಿದುಳಿನ ತಳಭಾಗದಲ್ಲಿ ಹೈಪೋಥಲಾಮಸ್ ಎಂಬ ಒಂದು ಸಣ್ಣ ಭಾಗವಿದೆ. ೧೯೫೧ರಲ್ಲಿ ಭಾರತೀಯ ಶರೀರವಿಜ್ಞಾನಿ ಬಿ. ಕೆ. ಆನಂದರು ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಜಾನ್ ಬ್ರೋಬೆಕ್ ಅವರೊಡನೆ ಕೆಲಸ ಮಾಡುತ್ತ, ಇಲಿಯ ಹೈಪೋಥಲಾಮಸ್ಸಿನ ಪಕ್ಕದ ಒಂದು ಚಿಕ್ಕ ಜಾಗವನ್ನು ಎರಡೂ ಬದಿಗಳಲ್ಲಿ ಕೆಡಿಸಿದರೆ ಆ ಪ್ರಾಣಿಯು ಆಹಾರವನ್ನೇ ಬಿಟ್ಟು ಸಾಯುವುದೆಂದು ತೋರಿಸಿದರು. ಅದರ ನಡುಭಾಗವನ್ನು ಕೆಡಿಸಿದರೆ ಇಲಿಯು ಮಿತಿಯಿಲ್ಲದೆ ತಿಂದು ಬೊಜ್ಜು ಬೆಳೆಸಿಕೊಳ್ಳುವುದೂ ಆ ಮೊದಲೇ ತಿಳಿದಿತ್ತು. ಆನಂದರು ಮುಂದೆ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿದ್ದು, ೧೯೬೧ರಲ್ಲಿ ಧ್ಯಾನಸ್ಥ ಯೋಗಿಗಳ ಮಿದುಳಿನ ವಿದ್ಯುತ್ತರಂಗಗಳನ್ನೂ ಅಭ್ಯಸಿಸಿದರು. ಇಲಿಯ ಹಸಿವೆಯನ್ನು ಶೋಧಿಸಿದವರೇ ಯೋಗಿಯ ಶಾಂತಿಯನ್ನೂ ಶೋಧಿಸಲು ಹೊರಟದ್ದು ಗಮನಿಸತಕ್ಕ ಸಂಗತಿ.

ಆ ಸ್ಥಾನಗಳು ಒಂದರೊಡನೊಂದು ಯಾವ ಭಾಷೆಯಲ್ಲಿ ಮಾತನಾಡುತ್ತವೆ ಎಂಬುದು ಅನಂತರ ತಿಳಿಯಿತು. ಅಮೈನೋ ಆಮ್ಲಗಳನ್ನು ಮಣಿಗಳಂತೆ ಪೋಣಿಸಿದ ಚಿಕ್ಕ ಸರಗಳಿಗೆ ಪೆಪ್ಟೈಡ್ ಎಂದು ಹೆಸರು. ಒಂದು ನರಕೋಶವು ಅದನ್ನು ಹೊರಚೆಲ್ಲುತ್ತದೆ. ಇನ್ನೊಂದು ನರಕೋಶದ ಮೇಲ್ಮೈಯಲ್ಲಿ ಅದಕ್ಕೆ ತಕ್ಕ ಗ್ರಾಹಕವಿರುತ್ತದೆ. ಕೀಲಿಕೈಯು ತನ್ನ ಬೀಗವನ್ನು ಮಾತ್ರ ತೆರೆಯುವಂತೆ ಪೆಪ್ಟೈಡು ತನ್ನ ಗ್ರಾಹಕದಲ್ಲಿ ಕೂತಾಗ ಮಾತ್ರ ಸಂದೇಶವು ಮುಂದೆ ಹೋಗುತ್ತದೆ. ೧೯೮೨ರಲ್ಲಿ ತಾತೆಮೊಟೊ ಎಂಬ ವಿಜ್ಞಾನಿಯು ಹಂದಿಯ ಮಿದುಳಿನಿಂದ ೩೬ ಮಣಿಗಳ ಒಂದು ಸರವನ್ನು ಬೇರ್ಪಡಿಸಿದನು. ಅದಕ್ಕೆ ನ್ಯೂರೋಪೆಪ್ಟೈಡ್ ವೈ ಎಂದು ಹೆಸರಾಯಿತು. ೧೯೮೪ರ ವೇಳೆಗೆ, ಅದನ್ನು ಇಲಿಯ ಮಿದುಳಿಗೆ ಸೇರಿಸಿದರೆ ಇಲಿಯು ಬಿಡದೆ ತಿನ್ನುವುದೆಂದು ಗೊತ್ತಾಯಿತು. ಇದನ್ನು ತಯಾರಿಸುವ ನರಕೋಶಗಳೇ ಎಜಿಆರ್‌ಪಿ ಎಂಬ ಮತ್ತೊಂದು ಪೆಪ್ಟೈಡನ್ನೂ ಚೆಲ್ಲುತ್ತವೆ. ಅವುಗಳ ನೆರೆಯಲ್ಲಿಯೇ 'ಸಾಕು' ಎಂಬ ಸಂದೇಶವನ್ನು ಹೊರಡಿಸುವ ಬೇರೆ ನರಕೋಶಗಳಿವೆ. ಅವುಗಳ ಪೆಪ್ಟೈಡು ಮೆಲನೋಕಾರ್ಟಿನ್-೪ ಎಂಬ ಗ್ರಾಹಕದಲ್ಲಿ ಕೂತರೆ ಹಸಿವೆಯು ಇಳಿಯುತ್ತದೆ. ಎಜಿಆರ್‌ಪಿಯು ಅದೇ ಗ್ರಾಹಕವನ್ನು ಅಡ್ಡಗಟ್ಟುತ್ತದೆ. ಆ ಗ್ರಾಹಕವೇ ಇಲ್ಲದಂತೆ ಮಾಡಿದ ಇಲಿಗಳು ಹೆಚ್ಚು ತಿಂದು ಬೊಜ್ಜು ಬೆಳೆಸಿದವೆಂದು ೧೯೯೭ರಲ್ಲಿ ಪ್ರಕಟವಾಯಿತು. ಒಂದೇ ಬಾಗಿಲಿಗೆ 'ಸಾಕು' ಎನ್ನುವವನೊಬ್ಬ, 'ಬೇಕು' ಎನ್ನುವವನೊಬ್ಬ ಕಾದಿದ್ದಾರೆಂದು ತಿಳಿದರೆ ಸಾಲದೇ?

ಈಗ ಶಾಸ್ತ್ರದ ನಾಲ್ಕು ನಿಮಿತ್ತಗಳನ್ನು ಇದರ ಪಕ್ಕದಲ್ಲಿಡೋಣ.

ಬರಿದಾದ ಹೊಟ್ಟೆ. ೧೯೯೯ರಲ್ಲಿ ಜಪಾನಿನ ಕೊಜಿಮಾ ಮತ್ತು ಕಂಗಾವಾ ಇಲಿಯ ಜಠರದಿಂದ ೨೮ ಅಮೈನೋ ಆಮ್ಲಗಳ ಒಂದು ಪೆಪ್ಟೈಡನ್ನು ಹೊರತೆಗೆದರು. ಅದೇ ಘ್ರೆಲಿನ್. ಹೊಟ್ಟೆ ಖಾಲಿಯಾದಾಗ ಅದು ರಕ್ತದಲ್ಲಿ ಏರುತ್ತದೆ, ಮಿದುಳಿನ ಗ್ರಾಹಕಗಳನ್ನು ತಟ್ಟುತ್ತದೆ, ಹಸಿವೆಯ ನರಕೋಶಗಳನ್ನು ಎಬ್ಬಿಸುತ್ತದೆ.

ನೆನಪು. ದಿನವೂ ಒಂದೇ ಹೊತ್ತಿಗೆ ಆಹಾರ ಕೊಟ್ಟು ರೂಢಿ ಮಾಡಿಸಿದ ಇಲಿಗಳಲ್ಲಿ ಆ ಹೊತ್ತು ಸಮೀಪಿಸುವಾಗಲೇ ಘ್ರೆಲಿನ್ ಏರತೊಡಗುತ್ತದೆ. ಹೊಟ್ಟೆಯ ಸ್ಥಿತಿಯೊಂದೇ ಅಲ್ಲ, ಅಭ್ಯಾಸವೂ ಗಂಟೆ ಬಾರಿಸುತ್ತದೆ.

ದರ್ಶನ. ಹಸಿದ ಇಲಿಯ ಹಸಿವೆಯ ನರಕೋಶಗಳು ಆಹಾರವನ್ನು ಕಂಡ ಅಥವಾ ಮೂಸಿದ ಕೆಲವೇ ಕ್ಷಣಗಳಲ್ಲಿ, ತುತ್ತು ಬಾಯಿಗೆ ಹೋಗುವ ಮೊದಲೇ, ಮಂದವಾಗುತ್ತವೆ. ಕಂಡದ್ದು ತಿನ್ನಲು ಸಿಗದೆ ಹೋದರೆ ಮತ್ತೆ ಏಳುತ್ತವೆ. ಇದು ೨೦೧೫ರಲ್ಲಿ ಪ್ರಕಟವಾದ ಶೋಧನೆ. ಕಣ್ಣಿಗೆ ಕಂಡದ್ದು ನೇರವಾಗಿ ಹಸಿವೆಯ ಮೂಲಕ್ಕೇ ಹೋಗಿ ಮುಟ್ಟುತ್ತದೆ ಎಂಬುದು ಇದರಿಂದ ಸಿದ್ಧ.

ಅಸಾತಾವೇದನೆ. ಅದೇ ೨೦೧೫ರಲ್ಲಿ ಇನ್ನೊಂದು ತಂಡವು ತೋರಿಸಿದ್ದೇನೆಂದರೆ, ಹಸಿವೆಯ ನರಕೋಶಗಳು ಎಚ್ಚೆತ್ತಿರುವುದು ಇಲಿಗೆ ಅಹಿತಕರವಾದ ಅನುಭವ. ಆ ಕೋಶಗಳನ್ನು ಎಬ್ಬಿಸಿದ ಸ್ಥಳವನ್ನು ಇಲಿಯು ಅನಂತರ ದೂರವಿಡುತ್ತದೆ. ತಿನ್ನುವುದರ ಹಿಂದೆ ರುಚಿಯ ಆಸೆಯೊಂದೇ ಇಲ್ಲ, ಒಂದು ಸಂಕಟದಿಂದ ಬಿಡುಗಡೆಯಾಗುವ ತವಕವೂ ಇದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. "ನೋಡಿದಿರಾ, ವಿಜ್ಞಾನವು ಇಂದು ಹೇಳುವುದನ್ನು ನಮ್ಮವರು ಅಂದೇ ಹೇಳಿದ್ದರು" ಎಂದು ಎದೆಯುಬ್ಬಿಸುವುದು ಬೇಡ, ಅದು ಜ್ಞಾನಮದ. ಆಚಾರ್ಯರು ಪೆಪ್ಟೈಡುಗಳನ್ನು ಹೇಳಲಿಲ್ಲ. ವಿಜ್ಞಾನಿಗಳು ಕರ್ಮವನ್ನು ಹೇಳಲಿಲ್ಲ. ಇಬ್ಬರೂ ಹಸಿವೆಯನ್ನು ನಿಷ್ಠೆಯಿಂದ ನೋಡಿದರು, ಅದಕ್ಕೆ ಒಂದಕ್ಕಿಂತ ಹೆಚ್ಚು ಬಾಗಿಲುಗಳನ್ನು ಕಂಡರು. ಅಷ್ಟು ಮಟ್ಟಿಗೆ ಮಾತ್ರ ಇಬ್ಬರ ನೋಟವೂ ಕೂಡುತ್ತದೆ.

ಹಾಗಾದರೆ ಮಕ್ಕಳ ಪ್ರಶ್ನೆಗೆ ಉತ್ತರವೇನು? ಪೆಪ್ಟೈಡು ಪುದ್ಗಲ, ಗ್ರಾಹಕವೂ ಪುದ್ಗಲ. ಅವೆರಡರ ಸಂಯೋಗದಿಂದ ಎದ್ದ ವೇದನೆಯನ್ನು 'ಇದು ವೇದನೆ' ಎಂದು ಅರಿಯುವವನು ಜೀವ. ಕರ್ಮದ ಉದಯವನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ; ಉದಯಕ್ಕೆ ಬಂದದ್ದರಲ್ಲಿ ರಾಗದ್ವೇಷಗಳನ್ನು ಬೆರೆಸುವುದೋ ಬಿಡುವುದೋ ನಮ್ಮ ಕೈಯಲ್ಲಿದೆ. ವ್ರತವು ಹಸಿವೆಯಾಗದಿರಲಿ ಎಂಬ ಪ್ರಾರ್ಥನೆಯಲ್ಲ. ಹಸಿವೆಯೇ ಆಗದವನ ನಿರಾಹಾರಕ್ಕೆ ತಪಸ್ಸೆಂಬ ಹೆಸರು ಸಲ್ಲದು. ಹಸಿವೆಯು ಎಷ್ಟು ನಿಜವೋ ಅದನ್ನು ಸಮಭಾವದಿಂದ ಸಹಿಸುವುದು ಅಷ್ಟು ತಪಸ್ಸು. ವಿಜ್ಞಾನವು ಹಸಿವೆಯ ಮೂಲವನ್ನು ಮಿದುಳಿನಲ್ಲಿ ತೋರಿಸಿತು. ಇದರಿಂದ ವ್ರತದ ಮೂಲವು ಅಲುಗಲಿಲ್ಲ. ಎದುರಾಳಿಯು ಯಾರೆಂದು ಸ್ಪಷ್ಟವಾಯಿತು, ಅಷ್ಟೆ.

ವ್ರತಿಗಳಿಗೆ ಇದರಿಂದ ನೇರವಾದ ಪ್ರಯೋಜನವೂ ಉಂಟು. ೨೦೦೫ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಆರೋಗ್ಯವಂತರಾದ ಕೆಲವೇ ಮಂದಿ ೩೩ ಗಂಟೆಗಳ ಕಾಲ ಉಪವಾಸವಿದ್ದರು. ರೂಢಿಯ ಊಟದ ಹೊತ್ತುಗಳಲ್ಲಿ ಅವರ ರಕ್ತದಲ್ಲಿ ಘ್ರೆಲಿನ್ ಏರಿತು. ಏನನ್ನೂ ತಿನ್ನದಿದ್ದರೂ ತಾನಾಗಿಯೇ ಇಳಿಯಿತು. ಹಸಿವೆಯು ಒಂದೇ ಸಮನೆ ಏರುತ್ತ ಹೋಗುವ ಬೆಂಕಿಯಲ್ಲ. ಬಂದು ಹೋಗುವ ಅಲೆ. ಪ್ರೋಷಧೋಪವಾಸ ಮಾಡುವ ನಮ್ಮ ತಾಯಂದಿರಿಗೆ ಇದು ಅನುಭವದಿಂದ ಗೊತ್ತು: ಮಧ್ಯಾಹ್ನದ ಊಟದ ವೇಳೆಯನ್ನು ದಾಟಿಸಿದರೆ ಸಂಜೆಯವರೆಗೆ ಚಿಂತೆಯಿಲ್ಲ. ಆ ಒಂದು ಗಳಿಗೆಗೆ ಸ್ವಾಧ್ಯಾಯವನ್ನಿಟ್ಟುಕೊಳ್ಳಿರಿ. ಉಪವಾಸದ ದಿನ ಅಡಿಗೆಮನೆಯ ಬಾಗಿಲಲ್ಲಿ ಕೂತು ನಾಳೆಯ ಪಾರಣೆಗೆ ಏನೇನು ಮಾಡಬೇಕೆಂದು ಎಣಿಸುವವರು ದರ್ಶನ, ನೆನಪು ಎಂಬ ಎರಡು ಬಾಗಿಲುಗಳನ್ನು ತೆರೆದಿಟ್ಟು, ಹೊಟ್ಟೆಯ ಬಾಗಿಲೊಂದನ್ನೇ ಮುಚ್ಚಿದವರಾಗುತ್ತಾರೆ. ಗಂಜ್ ರಸ್ತೆಯಲ್ಲಿ ಮಿರ್ಚಿ ಕರಿಯುವ ಬಂಡಿಯ ಮುಂದೆ ನಿಂತು ಏಕಭುಕ್ತದ ನಿಯಮವನ್ನು ನೆನೆಯುವವನ ಪಾಡೂ ಇದೇ. ವಿವಿಕ್ತಶಯ್ಯಾಸನವನ್ನು, ಎಂದರೆ ಏಕಾಂತವಾಸವನ್ನು, ಅನಶನದ ಜೊತೆಯಲ್ಲಿಯೇ ತಪಸ್ಸೆಂದು ಎಣಿಸಿದ್ದು ಸುಮ್ಮನೆ ಅಲ್ಲ.

ಆದರೆ ಎಲ್ಲರ ಹಸಿವೆಯೂ ಒಂದೇ ಅಳತೆಯದಲ್ಲ. ೧೯೪೯ರಲ್ಲಿ ಅಮೆರಿಕದ ಜಾಕ್ಸನ್ ಪ್ರಯೋಗಾಲಯದಲ್ಲಿ ಹೊಟ್ಟೆಬಾಕವಾದ ಒಂದು ಚಿಟ್ಟಿಲಿಯ ಸಂತತಿಯು ಕಾಣಿಸಿತು. ಅದರ ಕೊರತೆಯೇನೆಂಬುದು ೧೯೯೪ರಲ್ಲಿ ಜೆಫ್ರಿ ಫ್ರೀಡ್‌ಮನ್ ಅವರಿಂದ ತಿಳಿಯಿತು: ಕೊಬ್ಬಿನ ಕೋಶಗಳು 'ಸಂಗ್ರಹ ಸಾಕಷ್ಟಿದೆ' ಎಂದು ಮಿದುಳಿಗೆ ಹೇಳಿಕಳುಹಿಸುವ ಲೆಪ್ಟಿನ್ ಎಂಬ ಹಾರ್ಮೋನು ಆ ಇಲಿಗಳಲ್ಲಿ ಇರಲಿಲ್ಲ. ನಮ್ಮ ನೆರೆಯ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಲ್ಲಿ ಕಾಣಿಸಿಕೊಂಡು ೧೯೯೬ರಲ್ಲಿ ವರದಿಯಾದ ಬೊಜ್ಜಿನ ಇಲಿಗಳ ಸಂತತಿಯದು ಇದಕ್ಕೆ ವಿಪರೀತವಾದ ಕಥೆ. ಅವುಗಳ ರಕ್ತದಲ್ಲಿ ಲೆಪ್ಟಿನ್ ವಿಪರೀತವಾಗಿದೆ. ಆದರೂ ಮಿದುಳು ಅದಕ್ಕೆ ಓಗೊಡುವುದಿಲ್ಲ. ಓಲೆಯು ಬಂದರೂ ಓದುವವರಿಲ್ಲದ ಮನೆಯಂತೆ ಆ ಪ್ರಾಣಿಯು ತಿನ್ನುತ್ತಲೇ ಇರುತ್ತದೆ.

ಇದನ್ನು ಓದುವಾಗ ಸ್ವಾಮಿ ಸಮಂತಭದ್ರಾಚಾರ್ಯರ ಕಥೆಯು ನೆನಪಾಗದಿರದು. ಶ್ರಾವಕರಿಗೆ ಪ್ರೋಷಧೋಪವಾಸವನ್ನು ವಿವರಿಸಿದ ರತ್ನಕರಂಡಕ ಶ್ರಾವಕಾಚಾರದ ಕರ್ತೃಗಳು ಇವರು. ಇಂಥ ಮಹಾತ್ಮರಿಗೇ ಭಸ್ಮಕವ್ಯಾಧಿಯು ಬಂದಿತೆಂದು ಪರಂಪರೆಯು ಹೇಳುತ್ತದೆ. ಉಂಡದ್ದೆಲ್ಲ ಬೂದಿಯಾಗಿ ಹಸಿವೆಯು ಮತ್ತೆ ಮತ್ತೆ ಏಳುವ ರೋಗವದು. ಅವರು ಸಲ್ಲೇಖನಕ್ಕೆ ಅನುಮತಿಯನ್ನು ಬೇಡಿದರು. ಗುರುಗಳು ಕೊಡಲಿಲ್ಲ. ರೋಗವು ಶಮನವಾಗುವವರೆಗೆ ಮುನಿವೇಷವನ್ನು ಬಿಟ್ಟು ಬೇಕಾದಷ್ಟು ಉಂಡು ದೇಹವನ್ನು ಉಳಿಸಿಕೊಳ್ಳಿರಿ, ಅನಂತರ ಪುನಃ ದೀಕ್ಷೆಯನ್ನು ತೆಗೆದುಕೊಳ್ಳಿರಿ ಎಂದು ಅಪ್ಪಣೆ ಕೊಟ್ಟರು. ಸಮಂತಭದ್ರರು ಹಾಗೆಯೇ ನಡೆದರು, ಗುಣಮುಖರಾದರು, ಮತ್ತೆ ಮುನಿಗಳಾದರು. ಅವರ ಕೀರ್ತಿಗೆ ಇದರಿಂದ ಕುಂದು ಬರಲಿಲ್ಲ.

ಈ ಕಥೆಯನ್ನು ಕೇಳಿ ತಲೆದೂಗುವ ನಾವು ನಮ್ಮ ಮನೆಗಳಲ್ಲಿ ನಡೆದುಕೊಳ್ಳುವ ರೀತಿಯೇನು? ಸಕ್ಕರೆ ಕಾಯಿಲೆಗೆ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುವ ಅತ್ತೆಯವರು, ಬಾಣಂತಿಯಾದ ಸೊಸೆ, ಇನ್ನೂ ಬೆಳೆಯುತ್ತಿರುವ ಹುಡುಗ, ಇವರು ಎಂಟು ದಿನ ಉಪವಾಸ ಮಾಡಿದರೆ ಮೆರವಣಿಗೆ ಮಾಡುತ್ತೇವೆ. ಮಾಡಲಾರೆನೆಂದರೆ ಮುಖ ತಿರುಗಿಸುತ್ತೇವೆ. ತೀರ್ಥಂಕರ ಪ್ರಕೃತಿಯ ಬಂಧಕ್ಕೆ ಕಾರಣವಾದ ೧೬ ಭಾವನೆಗಳಲ್ಲಿ ತಪಸ್ಸನ್ನು ಹೇಳುವಾಗ ಶಾಸ್ತ್ರಕಾರರು 'ಶಕ್ತಿತಃ' ಎಂಬ ಮಾತನ್ನು ಸೇರಿಸಿದ್ದಾರೆ. ಶಕ್ತಿಗೆ ತಕ್ಕಷ್ಟು ಎಂದು ಅದರ ಅರ್ಥ. ಮಾತ್ರೆಯನ್ನು ನುಂಗಿ ಊಟವನ್ನು ಬಿಟ್ಟರೆ ರಕ್ತದ ಸಕ್ಕರೆಯು ಕುಸಿದು ಪ್ರಾಣಕ್ಕೇ ಅಪಾಯ. ಅಂಥವರು ವೈದ್ಯರನ್ನು ಕೇಳದೆ ವ್ರತವನ್ನು ಹಿಡಿಯಬಾರದು. ಅವರಿಗೆ ವ್ರತವನ್ನು ಕೊಡುವವರೂ ಕೇಳದೆ ಕೊಡಬಾರದು. ಪುರುಷನ ಪೂರ್ಣಾಹಾರವು ೩೨ ತುತ್ತುಗಳೆಂದು ಹೇಳಿ, ಅದರಲ್ಲಿ ಒಂದು ತುತ್ತನ್ನು ಕಡಿಮೆ ಮಾಡಿದರೂ ಅವಮೌದರ್ಯವೆಂಬ ತಪಸ್ಸಾಗುವುದೆಂದು ನಮ್ಮ ಶಾಸ್ತ್ರವು ಹೇಳಿದೆ. ತುಪ್ಪವನ್ನೋ ಬೆಲ್ಲವನ್ನೋ ಬಿಟ್ಟರೆ ರಸಪರಿತ್ಯಾಗ. ದುರ್ಬಲರಿಗೆಂದು ಇಷ್ಟು ಬಾಗಿಲುಗಳನ್ನು ತೆರೆದಿಟ್ಟ ಧರ್ಮವನ್ನು ನಾವು ಒಂದೇ ಬಾಗಿಲಿನ ಮನೆಯನ್ನಾಗಿ ಮಾಡಬಾರದು.

ಇನ್ನೊಂದು ಸೂಕ್ಷ್ಮವಾದ ಮಾತು. ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ ಆಹಾರವನ್ನು ಕೊಟ್ಟು, ಉಳಿದ ಹೊತ್ತು ತಿರುಗುವ ಚಕ್ರವನ್ನು ಒದಗಿಸಿದರೆ ಇಲಿಗಳು ಓಡುತ್ತ ಓಡುತ್ತ ತಿನ್ನುವುದನ್ನು ಕಡಿಮೆ ಮಾಡಿ ಸಾಯುವವರೆಗೂ ಕೃಶವಾಗುತ್ತವೆಂದು ೧೯೬೭ರಲ್ಲಿಯೇ ವರದಿಯಾಗಿದೆ. ಹಸಿವೆಯೂ ಒಂದು ಚಟವಾಗಬಲ್ಲದು. ಮೈ ಸಣ್ಣಗಾಗಲೆಂದು ಊಟವನ್ನು ಬಿಡುತ್ತ, ಕೇಳಿದವರಿಗೆ ವ್ರತವೆಂದು ಹೇಳುವ ಹೆಣ್ಣುಮಗಳು ಮನೆಯಲ್ಲಿದ್ದರೆ ಹೊಗಳಬೇಡಿರಿ. ಪಕ್ಕದಲ್ಲಿ ಕುಳಿತು ಮಾತನಾಡಿಸಿ ವೈದ್ಯರ ಬಳಿಗೆ ಕರೆದೊಯ್ಯಿರಿ. ಹಸಿವೆಯನ್ನು ಅಡಗಿಸುವ ಚುಚ್ಚುಮದ್ದುಗಳು ೨೦೨೫ರಲ್ಲಿ ನಮ್ಮ ದೇಶದ ಔಷಧದ ಅಂಗಡಿಗಳಿಗೂ ಬಂದಿವೆ. ಕರುಳಿನಲ್ಲಿಯೂ ಮಿದುಳಿನಲ್ಲಿಯೂ ಹುಟ್ಟುವ ಜಿಎಲ್‌ಪಿ-೧ ಎಂಬ ಪೆಪ್ಟೈಡು ಇಲಿಗಳ ಆಹಾರವನ್ನು ತಗ್ಗಿಸುವುದೆಂದು ೧೯೯೬ರಲ್ಲಿ ಕಂಡದ್ದೇ ಇವುಗಳ ಹಿಂದಿರುವ ತಿಳಿವಳಿಕೆಗಳಲ್ಲೊಂದು. ವೈದ್ಯರು ರೋಗಕ್ಕೆಂದು ಕೊಟ್ಟರೆ ಅದು ಔಷಧ, ತೆಗೆದುಕೊಳ್ಳುವುದರಲ್ಲಿ ನಾಚಿಕೆಯಿಲ್ಲ. ಅದರ ಬಲದಿಂದ ಊಟವನ್ನು ಬಿಟ್ಟದ್ದನ್ನು ತಪಸ್ಸಿನ ಲೆಕ್ಕಕ್ಕೆ ಬರೆಯುವುದು ಮಾತ್ರ ಸಲ್ಲದು.

ಈಗ ಈ ಪ್ರವಚನದ ಕಠಿಣವಾದ ಭಾಗಕ್ಕೆ ಬರುತ್ತೇನೆ. ಮೇಲೆ ಹೇಳಿದ ತಿಳಿವಳಿಕೆಯ ಬಹುಪಾಲು ಇಲಿಗಳ ತಲೆಯನ್ನು ಕೊರೆದು, ಅವುಗಳನ್ನು ಹಸಿವೆಗಿಟ್ಟು, ಕಡೆಗೆ ಕೊಂದು ಪಡೆದದ್ದು. ಇಲಿಯು ಪಂಚೇಂದ್ರಿಯ ಜೀವ. ಶಾಸ್ತ್ರದ ಪ್ರಕಾರ ಮನಸ್ಸುಳ್ಳ ಪಂಚೇಂದ್ರಿಯ ತಿರ್ಯಂಚರು ಅಣುವ್ರತಗಳನ್ನೂ ಧರಿಸಬಲ್ಲರು. ಭಗವಾನ್ ಮಹಾವೀರರ ಜೀವವು ಹಿಂದೊಂದು ಭವದಲ್ಲಿ ಸಿಂಹವಾಗಿದ್ದಾಗ ಚಾರಣಮುನಿಗಳ ಉಪದೇಶವನ್ನು ಕೇಳಿ ಹಿಂಸೆಯನ್ನು ತೊರೆದು ನಿರಾಹಾರದಿಂದ ದೇಹವನ್ನು ಬಿಟ್ಟಿತೆಂದು ಪುರಾಣವು ಹೇಳುತ್ತದೆ. ಆದುದರಿಂದ 'ಇಲಿಯೇ ತಾನೆ' ಎನ್ನುವ ಅಧಿಕಾರವು ಜೈನನಿಗಿಲ್ಲ. ರೋಗಿಗೆ ಹಿತವಾಗಲೆಂಬ ಉದ್ದೇಶವು ಹಿಂಸೆಯನ್ನು ಅಹಿಂಸೆಯನ್ನಾಗಿ ಮಾಡಲಾರದು. ಇಂಥ ಪ್ರಯೋಗಗಳಲ್ಲಿ ಪ್ರಾಣಿಗಳ ಬದಲು ಬೇರೆ ಉಪಾಯವನ್ನು ಹುಡುಕಬೇಕು, ಪ್ರಾಣಿಗಳ ಸಂಖ್ಯೆಯನ್ನು ಇಳಿಸಬೇಕು, ನೋವನ್ನು ತಗ್ಗಿಸಬೇಕು ಎಂಬ ಮೂರು ಸೂತ್ರಗಳನ್ನು ೧೯೫೯ರಲ್ಲಿ ರಸೆಲ್ ಮತ್ತು ಬರ್ಚ್ ಎಂಬ ವಿಜ್ಞಾನಿಗಳೇ ಮುಂದಿಟ್ಟರು. ನಮ್ಮ ದೇಶದಲ್ಲಿ ೧೯೬೦ರ ಪ್ರಾಣಿಹಿಂಸಾ ನಿವಾರಣ ಕಾಯಿದೆಯೂ ೧೯೯೮ರ ನಿಯಮಗಳೂ ಪ್ರಯೋಗಗಳ ಮೇಲೆ ಹತೋಟಿಯನ್ನಿಟ್ಟಿವೆ. ವಿಜ್ಞಾನವನ್ನು ಓದುವ ನಮ್ಮ ಮಕ್ಕಳು ಈ ಮೂರು ಸೂತ್ರಗಳನ್ನು ತಮ್ಮ ವ್ರತವನ್ನಾಗಿ ಮಾಡಿಕೊಳ್ಳಲಿ. ಆ ಜ್ಞಾನದಿಂದ ತಯಾರಾದ ಔಷಧವನ್ನು ಸೇವಿಸುವ ನಾವು ಪ್ರತಿಕ್ರಮಣದಲ್ಲಿ ಆ ಮೂಕಜೀವಿಗಳನ್ನು ನೆನೆದು ಕ್ಷಮೆಯನ್ನು ಬೇಡೋಣ.

ಆದರೆ ಪ್ರಯೋಗಾಲಯದತ್ತ ಬೆರಳು ತೋರಿಸುವ ಮುನ್ನ ನಮ್ಮ ಗೋದಾಮುಗಳನ್ನು ನೋಡಿಕೊಳ್ಳೋಣ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಮಾನ್ವಿಯ ಸೀಮೆಯು ಭತ್ತದ ಸೀಮೆಯಾಯಿತು. ರಾಯಚೂರಿನಲ್ಲಿ ಅಕ್ಕಿಯ ಗಿರಣಿಗಳೆದ್ದವು. ಧಾನ್ಯವಿದ್ದಲ್ಲಿ ಇಲಿಯಿರುವುದು ಸಹಜ. ಅಂಟಿನ ಹಲಗೆಯನ್ನು ಹಾಸಿ, ಇಲಿಯು ಅದಕ್ಕೆ ಅಂಟಿಕೊಂಡು ಹಸಿವೆ ನೀರಡಿಕೆಗಳಿಂದ ದಿನಗಟ್ಟಲೆ ಒದ್ದಾಡಿ ಸಾಯುವಂತೆ ಮಾಡುವುದು ಯಾವ ಪ್ರಯೋಗಕ್ಕಿಂತ ಕಡಿಮೆಯ ಕ್ರೌರ್ಯ? ಅದರಿಂದ ಯಾವ ಜ್ಞಾನವೂ ಹುಟ್ಟುವುದಿಲ್ಲ. ಚೀಲಗಳನ್ನು ನೆಲದಿಂದ ಎತ್ತರಿಸಿ ಇಡುವುದು, ಗೋಡೆಯ ಬಿಲಗಳನ್ನು ಮುಚ್ಚುವುದು, ಬಾಗಿಲ ತಳಕ್ಕೆ ತಗಡನ್ನು ಬಡಿಯುವುದು, ಚೆಲ್ಲಿದ ಕಾಳನ್ನು ಅಂದಂದೇ ಗುಡಿಸುವುದು ಇವು ಶ್ರಾವಕನಾದ ವ್ಯಾಪಾರಿಯ ಯತ್ನಾಚಾರ. ಬೆಳಗ್ಗೆ ಅಂಟಿನ ಹಲಗೆಯನ್ನು ಕಸಕ್ಕೆ ಎಸೆದು ಬಂದು ಅಷ್ಟಮಿಯ ಉಪವಾಸದ ಸಂಕಲ್ಪವನ್ನು ಹೇಳುವವನು, ತನ್ನ ಹಸಿವೆಯಿಂದ ತಾನೇನು ಕಲಿತೆನೆಂದು ಕೇಳಿಕೊಳ್ಳಲಿ.

ಕಡೆಯದಾಗಿ, ಬೇಡದೆ ಬಂದ ಹಸಿವೆಯ ಮಾತು. ಎರಡು ನದಿಗಳ ನಡುವಿದ್ದರೂ ಈ ದೋಆಬು ಬರವನ್ನು ಕಂಡ ನಾಡು. ೧೮೭೬-೭೮ರ ಬರವನ್ನು ದಖ್ಖನಿನ ಜನ ಮರೆತಿಲ್ಲ. ನೀರಾವರಿ ಬಂದ ಮೇಲೆಯೂ ದೇವದುರ್ಗದ ಕಡೆಯಿಂದ ಬೇಸಗೆಯಲ್ಲಿ ದುಡಿಮೆಗಾಗಿ ಗುಳೆ ಹೋಗುವ ಕುಟುಂಬಗಳುಂಟು. ಉಪವಾಸವಿರುವವನಿಗೆ ನಾಳೆಯ ಪಾರಣೆಯು ಖಚಿತ. ಆ ಕೂಲಿಕಾರನ ಮಗುವಿಗೆ ಅದು ಖಚಿತವಿಲ್ಲ. ಮಿದುಳಿನ ಪೆಪ್ಟೈಡುಗಳು ಇಬ್ಬರಲ್ಲಿಯೂ ಒಂದೇ, ಸಂಕಟವೂ ಒಂದೇ. ಒಂದು ದಿನ ತಾನಾಗಿ ಹಸಿದವನಿಗೆ ಇನ್ನೊಬ್ಬರ ಹಸಿವೆಯು ಅರ್ಥವಾಗದಿದ್ದರೆ ಆ ಉಪವಾಸವು ಬರಿಯ ಲಂಘನ. ೪ ದಾನಗಳಲ್ಲಿಯೂ ಆಹಾರದಾನಕ್ಕೆ ಮೊದಲ ಸ್ಥಾನವಿದೆಯೆಂಬುದನ್ನು ಮರೆಯದಿರೋಣ.

ಆದುದರಿಂದ ಬರುವ ಪರ್ವದಲ್ಲಿ ಇಷ್ಟನ್ನು ನಿಯಮ ಮಾಡಿಕೊಳ್ಳಿರಿ: ಶಕ್ತಿಯನ್ನು ಅಳೆದು ವ್ರತವನ್ನು ಹಿಡಿಯುವುದು, ಹಸಿವೆಯ ಅಲೆಯು ಬಂದಾಗ ಅದನ್ನು ಅರಿಯುತ್ತ ಸ್ವಾಧ್ಯಾಯದಲ್ಲಿರುವುದು, ಮಾಡಲಾರದವರನ್ನು ಹೀಗಳೆಯದಿರುವುದು, ಗೋದಾಮಿನಿಂದ ಅಂಟನ್ನೂ ವಿಷವನ್ನೂ ತೆಗೆಯುವುದು, ಉಪವಾಸದ ದಿನದ ತನ್ನ ಪಾಲಿನ ಅನ್ನವು ಹಸಿದ ಒಂದು ಮನೆಯನ್ನು ಮುಟ್ಟುವಂತೆ ನೋಡಿಕೊಳ್ಳುವುದು. ಸರ್ವಜೀವಿಗಳಿಗೂ ಕ್ಷುಧಾಬಾಧೆಯು ಶಾಂತವಾಗಲಿ.

॥ ಜಯ ಜಿನೇಂದ್ರ ॥